ಶನಿವಾರದ ಬಸ್ಸು, ಭಾನುವಾರದ ಪುಸ್ತಕ

ಡಿಸೆಂಬರ್ ಬಂತೆಂದರೆ ಮಂಡ್ಯ ಜಿಲ್ಲೆಯ ರಸ್ತೆಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳದ್ದೇ ದರ್ಬಾರು. ವಿಜಯಪುರ, ರಾಯಚೂರು, ಬಳ್ಳಾರಿಗಳಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ಮಕ್ಕಳು ಶ್ರೀರಂಗಪಟ್ಟಣದಲ್ಲಿ ಕಣ್ಣುಜ್ಜಿಕೊಳ್ಳುತ್ತ ಇಳಿಯುತ್ತಾರೆ. ರಂಗನಾಥನ ಗುಡಿ, ದರಿಯಾ ದೌಲತ್, ಗುಂಬಜ್, ಟಿಪ್ಪು ಬಿದ್ದ ಜಾಗ, ಬಂದೀಖಾನೆ ಎಲ್ಲವನ್ನೂ ಓಡೋಡಿ ನೋಡುತ್ತಾರೆ. ಸಂಜೆ ಬೃಂದಾವನದ ಕಾರಂಜಿ ನೋಡಿ ಮತ್ತೆ ಬಸ್ಸು ಹತ್ತುತ್ತಾರೆ. ತಮಾಷೆಯೆಂದರೆ, ಅದೇ ಹೊತ್ತಿಗೆ ಮಂಡ್ಯ ಜಿಲ್ಲೆಯ ಮಕ್ಕಳು ಹಂಪಿಗೋ ಗೋಳಗುಮ್ಮಟಕ್ಕೋ ಹೊರಟಿರುತ್ತಾರೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ನಾಗಮಂಗಲ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಮಾತ್ರ ಈ ಸಲ ಲೆಕ್ಕ ಬೇರೆಯಾಗಿತ್ತು. ಒಂಬತ್ತನೇ ತರಗತಿಯ ವಿಜ್ಞಾನ ವಿಹಾರಕ್ಕೆ ವಿಜ್ಞಾನದ ಮೇಷ್ಟ್ರು ಗೊತ್ತುಮಾಡಿದ್ದು ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಎಂಬ ನಾಲ್ಕೇ ತಾಲ್ಲೂಕು. ಬೆಳಿಗ್ಗೆ ಹೋಗಿ ರಾತ್ರಿ ಬರುವ ದಾರಿ. ಪಟ್ಟಿ ಕೇಳಿದ ಮಕ್ಕಳ ಮುಖ ಬಾಡಿತು. 'ಸಾರ್, ಇದೆಲ್ಲ ನಮ್ಮ ನೆಂಟರೂರೇ ಅಲ್ವಾ' ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿಯೇಬಿಟ್ಟ. 'ನೆಂಟರ ಮನೆಯಲ್ಲಿ ಊಟ ಮಾಡಿದ್ದೀಯ, ಊರು ನೋಡಿದ್ದೀಯೇನೋ?' ಎಂದರು ಮೇಷ್ಟ್ರು. ಹುಡುಗ ಸುಮ್ಮನಾದ.

ಮೇಷ್ಟ್ರಿಗೆ ಐವತ್ತೈದು. ಮನೆ ಶ್ರೀರಂಗಪಟ್ಟಣದಲ್ಲಿ. ಬೀದರಿಗೆ ಹೋಗುವ ಹೆದ್ದಾರಿ ಅಲ್ಲಿಂದಲೇ ಹೊರಟು ಪಾಂಡವಪುರ, ನಾಗಮಂಗಲ, ಬೆಳ್ಳೂರು ಕ್ರಾಸ್ ಹಾದು ಉತ್ತರಕ್ಕೆ ಸಾಗುತ್ತದೆ. ಆ ದಾರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಿನವೂ ಹೋಗಿ ಬರುವುದು ಅವರ ಕಾಯಕ. ವಾರದ ಆರು ದಿನ ಶಾಲೆ. ಭಾನುವಾರ ಬೆಳಿಗ್ಗೆ ಆರಾಧನೆ. ಅಂದು ಸಂಜೆ ಮನೆಯಲ್ಲಿ ಹತ್ತು ಹನ್ನೆರಡು ಜನರಿಗೆ ಬೈಬಲ್ ಅಧ್ಯಯನ ನಡೆಸುತ್ತಾರೆ. ಶಾಲೆಯಲ್ಲಿ ಅವರು ಸತ್ಯವೇದವನ್ನು ತೆಗೆಯುವುದಿಲ್ಲ, ಭಾನುವಾರದ ಕೂಟದಲ್ಲಿ ವಿಜ್ಞಾನದ ಪಠ್ಯಪುಸ್ತಕವನ್ನು ತೆಗೆಯುವುದಿಲ್ಲ. ಆದರೆ ಎರಡೂ ಕಡೆ ಕೊಡುವ ಅಪ್ಪಣೆ ಒಂದೇ: 'ಮೊದಲು ಕಂಡದ್ದನ್ನು ಬರಿ. ಅನ್ನಿಸಿದ್ದನ್ನು ಆಮೇಲೆ ಬರಿ.' ಪ್ರವಾಸಕ್ಕೆ ಹೊರಟ ಮಕ್ಕಳ ಕೈಗೆ ತಲಾ ಒಂದು ನೂರು ಪುಟದ ನೋಟ್‌ಬುಕ್ಕು ಕೊಟ್ಟು, ಪುಟದ ನಡುವೆ ಉದ್ದಕ್ಕೂ ಗೆರೆ ಎಳೆಸಿದ್ದರು. ಎಡಕ್ಕೆ ಕಂಡದ್ದು, ಬಲಕ್ಕೆ ಅನ್ನಿಸಿದ್ದು.

ಎರಕದ ಮನೆ

ನಾಗಮಂಗಲಕ್ಕೆ ಬಂದವರು ಸೌಮ್ಯಕೇಶವನ ಗುಡಿ ನೋಡುತ್ತಾರೆ. ಹತ್ತಿರದ ಕಂಬದಹಳ್ಳಿಯ ಬಸದಿಗೂ ಎತ್ತರದ ಮಾನಸ್ತಂಭಕ್ಕೂ ಹೋಗುತ್ತಾರೆ. ನವಿಲುಗಳ ಆದಿಚುಂಚನಗಿರಿಗೂ ಹೋಗುತ್ತಾರೆ. ಆದರೆ ಊರಿನ ಹೆಸರನ್ನು ದೇವಸ್ಥಾನಗಳ ಗರ್ಭಗುಡಿಯವರೆಗೆ ಒಯ್ದಿರುವುದು ಇಲ್ಲಿನ ಲೋಹದ ಕೆಲಸ. ಹಿತ್ತಾಳೆಯ ದೀಪ, ಗಂಟೆ, ಪ್ರಭಾವಳಿ, ಪಂಚಲೋಹದ ಉತ್ಸವಮೂರ್ತಿಗಳನ್ನು ಎರಕ ಹೊಯ್ಯುವ ಮನೆತನಗಳು ಇಲ್ಲಿ ತಲೆಮಾರುಗಳಿಂದ ಬಾಳಿವೆ.

ಬೆಳಗಿನ ಎಂಟು ಗಂಟೆಗೆ ಮಕ್ಕಳು ಒಂದು ಎರಕದ ಮನೆಯ ಹಿತ್ತಲಲ್ಲಿ ಸಾಲಾಗಿ ಕೂತರು. ಮೊದಲು ಮೇಣದಲ್ಲಿ ಮೂರ್ತಿ ಮಾಡುತ್ತಾರೆ. ಕಣ್ಣು, ಉಂಗುರ, ಗೆಜ್ಜೆ ಎಲ್ಲವೂ ಮೇಣದಲ್ಲೇ. ಅದರ ಮೇಲೆ ನಯವಾದ ಮಣ್ಣನ್ನು ಪದರ ಪದರವಾಗಿ ಬಳಿದು ಒಣಗಿಸುತ್ತಾರೆ. ಕಾಯಿಸಿದಾಗ ಮೇಣ ಕರಗಿ ಹರಿದುಹೋಗಿ ಒಳಗೆ ಮೂರ್ತಿಯ ಆಕಾರದ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಆರಿದ ಮೇಲೆ ಮಣ್ಣನ್ನು ಒಡೆಯಬೇಕು. ಆದ್ದರಿಂದ ಒಂದು ಅಚ್ಚಿನಿಂದ ಒಂದೇ ಮೂರ್ತಿ.

ಮಕ್ಕಳಿಗೆ ಮೇಷ್ಟ್ರು ಒಂದು ಪ್ರಶ್ನೆ ಇಟ್ಟರು. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸತುವು 907 ಡಿಗ್ರಿಗೇ ಕುದಿದು ಆವಿಯಾಗಿ ಹೋಗುತ್ತದೆ. ಎರಡನ್ನೂ ಸೇರಿಸಿ ಹಿತ್ತಾಳೆ ಮಾಡುವುದು ಹೇಗೆ? ಮಕ್ಕಳು ಮುಖ ಮುಖ ನೋಡಿಕೊಂಡರು. ಉತ್ತರ ಬಂದದ್ದು ಮೂಲೆಯಲ್ಲಿ ಅರ ಹಿಡಿದು ಕೂತಿದ್ದ ಮುದುಕರಿಂದ. 'ತಾಮ್ರ ಕರಗಿದ ಮ್ಯಾಲೆ ಕೊನೇಲಿ ಸತು ಹಾಕಿ ಬೇಗ ಕಲಸ್ಬೇಕು. ತಡ ಮಾಡುದ್ರೆ ಬಿಳೀ ಹೊಗೆ ಆಗಿ ಎದ್ದೋಯ್ತದೆ. ಒಸಿ ಜಾಸ್ತೀನೇ ಹಾಕ್ಬೇಕು, ಹೋಗೋದು ಹೋಗ್ಲಿ ಅಂತ.' ಆ ಬಿಳಿ ಹೊಗೆಯೇ ಸತುವಿನ ಆಕ್ಸೈಡು. ಅದನ್ನು ಉಸಿರಿಗೆ ಎಳೆದುಕೊಂಡರೆ ಜ್ವರ ಬರುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ರಸಾಯನಶಾಸ್ತ್ರದ ಹೆಸರು ಮೇಷ್ಟ್ರ ಬಳಿ ಇತ್ತು, ಅನುಭವ ಆ ಮುದುಕರ ಬಳಿ ಇತ್ತು. ಎಡಗಡೆಯ ಅಂಕಣದಲ್ಲಿ ಮಕ್ಕಳು 'ಬಿಳಿ ಹೊಗೆ' ಎಂದು ಬರೆದುಕೊಂಡರು.

ಬಳಪದ ಕಲ್ಲು

ನಾಗಮಂಗಲದಿಂದ ಪಶ್ಚಿಮಕ್ಕೆ ಹೊರಟ ಬಸ್ಸು ಕೃಷ್ಣರಾಜಪೇಟೆ ತಲುಪುತ್ತದೆ. ಹಳಬರ ಬಾಯಲ್ಲಿ ಅತ್ತಿಕುಪ್ಪೆ ಎಂಬ ಹೆಸರು ಕೇಳಿದವರು ಈಗಲೂ ಇದ್ದಾರೆ. ಈ ತಾಲ್ಲೂಕಿನ ಕಿಕ್ಕೇರಿ ಕವಿ ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಊರು. ಅಲ್ಲಿ ಹನ್ನೆರಡನೇ ಶತಮಾನದ ಬ್ರಹ್ಮೇಶ್ವರನ ಗುಡಿಯೂ ಇದೆ. ಮಕ್ಕಳ ಬಸ್ಸು ನಿಂತದ್ದು ಪೇಟೆಗೆ ಅಂಟಿಕೊಂಡಂತಿರುವ ಹೊಸಹೊಳಲಿನಲ್ಲಿ.

ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ ಸುಮಾರು 1250ರದು, ಹೊಯ್ಸಳ ವೀರ ಸೋಮೇಶ್ವರನ ಕಾಲದ್ದು. ಮೂರು ಗರ್ಭಗುಡಿಗಳ ತ್ರಿಕೂಟಾಚಲ. ಹೊರಗೋಡೆಯ ಕೆಳಭಾಗದಲ್ಲಿ ಆನೆಯ ಸಾಲು, ಕುದುರೆಯ ಸಾಲು, ಬಳ್ಳಿಯ ಸಾಲು, ಅದರ ಮೇಲೆ ಪುರಾಣದ ಕಥೆ, ಮಕರ, ಹಂಸ ಹೀಗೆ ಪಟ್ಟಿಕೆಗಳು ಒಂದರ ಮೇಲೊಂದು ಏರುತ್ತವೆ. ಬೇಲೂರು ಹಳೇಬೀಡಿಗೆ ಹೋಗುವ ಜನಸಂದಣಿಯಲ್ಲಿ ನೂರನೇ ಒಂದು ಪಾಲೂ ಇಲ್ಲಿ ಇಲ್ಲ. ಹುಡುಗಿಯರಿಬ್ಬರು ಆನೆಗಳನ್ನು ಎಣಿಸಲು ಹೊರಟು, ಲೆಕ್ಕ ತಪ್ಪಿ, ಮತ್ತೆ ಮೊದಲಿಂದ ಶುರುಮಾಡಿದರು.

ಮೇಷ್ಟ್ರು ಜೇಬಿನಿಂದ ಮುರುಕು ಬಳಪವೊಂದನ್ನು ತೆಗೆದು ಎತ್ತಿ ಹಿಡಿದರು. 'ಇದಕ್ಕೂ ಈ ಗೋಡೆಗೂ ಏನು ನಂಟು?' ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲಿನ ಜಾತಿಗೆ ಸೇರಿದ ಹಸಿರುಗಪ್ಪು ಬಣ್ಣದ ಶಿಲೆ. ಗಣಿಯಿಂದ ತೆಗೆದಾಗ ಮೆದು, ಉಳಿಗೆ ಮಣಿಯುತ್ತದೆ. ಗಾಳಿ ಬಿಸಿಲಿಗೆ ಒಡ್ಡಿಕೊಂಡಂತೆ ಗಡಸಾಗುತ್ತದೆ. ಬೆಣಚುಕಲ್ಲಿನ ನಾಡಿನಲ್ಲಿ ಇಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಶಿಲ್ಪಿಯ ಕೈಯಿಂದಲೂ ಹೌದು, ಕಲ್ಲಿನ ಗುಣದಿಂದಲೂ ಹೌದು. ಒಳಗಿನ ನುಣುಪಾದ ಕಂಬಗಳ ಮೇಲೆ ಕೈಯಾಡಿಸಿದರೆ ಸುತ್ತಲೂ ಸಣ್ಣ ಬಳೆಯಂಥ ಗೆರೆಗಳು ಬೆರಳಿಗೆ ಸಿಗುತ್ತವೆ. ಕಂಬವನ್ನು ತಿರುಗಿಸಿ ತರಿದದ್ದರ ಗುರುತು ಅದು. 'ಗುಡಿಯ ಕಲ್ಲನ್ನು ಗೀಚಬೇಡಿ, ಬಳಪವನ್ನು ಗೀಚಿ ನೋಡಿ' ಎಂದು ಎಚ್ಚರಿಸಿ ಬಳಪವನ್ನು ಮಕ್ಕಳ ಕೈಗೆ ಕೊಟ್ಟರು. ಸ್ಲೇಟು ಬಳಪ ಕಾಣದ ಈ ಕಾಲದ ಮಕ್ಕಳಿಗೆ ಅದೇ ಒಂದು ಪ್ರಾಚ್ಯವಸ್ತು.

ತೊಣ್ಣೂರಿನಲ್ಲಿ ಒಂದು ತಟ್ಟೆ

ಕೃಷ್ಣರಾಜಪೇಟೆ ಬಿಟ್ಟು ಚಿನಕುರಳಿ ಕಡೆ ತಿರುಗಿದರೆ ಕಬ್ಬಿನ ಗದ್ದೆ, ಆಲೆಮನೆಯ ಹೊಗೆ. ದಾರಿಯಲ್ಲೊಂದು ಆಲೆಮನೆಯವರು ಮಕ್ಕಳಿಗೆಲ್ಲ ಬಿಸಿ ಬೆಲ್ಲದ ಚೂರು ಕೊಟ್ಟರು. ಕುದಿಯುವ ಹಾಲಿಗೆ ಸುಣ್ಣ ಹಾಕುವುದೇಕೆ, ಜಜ್ಜಿದ ಬೆಂಡೆಗಿಡದ ಲೋಳೆ ಬಿಡುವುದೇಕೆ ಎಂದು ಕೇಳಿದರೆ ಕೊಪ್ಪರಿಗೆಯ ಬಳಿ ನಿಂತವರು, 'ಕೊಳೆ ಮ್ಯಾಕ್ ಬರ್ಲಿ ಅಂತ' ಎಂದರು. ನಾಲ್ಕು ಪದದಲ್ಲಿ ಒಂದು ಪಾಠ ಮುಗಿಯಿತು.

ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂದು ಹೆಸರು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಇಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ನಕ್ಷೆಗಳಲ್ಲಿ ಇದು ಫ್ರೆಂಚ್ ರಾಕ್ಸ್ ಆಯಿತು. ಕುಂತಿಬೆಟ್ಟದ ಬಂಡೆಗಳು ದೂರದಿಂದಲೇ ಕಾಣುತ್ತವೆ. ಈ ತಾಲ್ಲೂಕಿನ ಕೆರೆ ತೊಣ್ಣೂರು ರಾಮಾನುಜಾಚಾರ್ಯರ ನೆನಪಿನ ಸ್ಥಳ. ಬೆಟ್ಟಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಇಲ್ಲಿನ ನೀರು ಎಷ್ಟು ತಿಳಿಯೆಂದರೆ ಇದಕ್ಕೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಎಂಬ ಇನ್ನೊಂದು ಹೆಸರು ಬಿತ್ತು.

ತಿಳಿ ಎಂದರೆ ಎಷ್ಟು ತಿಳಿ? ಅಳೆಯಲು ಮೇಷ್ಟ್ರು ಮನೆಯ ಹಳೆಯ ಸ್ಟೀಲ್ ತಟ್ಟೆಯೊಂದಕ್ಕೆ ಕಪ್ಪು ಬಿಳುಪು ಬಣ್ಣ ಬಳಿದು, ಕೆಳಗೆ ತೂಕದ ಕಲ್ಲು ಕಟ್ಟಿ, ಗಂಟು ಹಾಕಿದ ಹಗ್ಗ ಪೋಣಿಸಿ ತಂದಿದ್ದರು. ತಟ್ಟೆಯನ್ನು ನೀರಿಗೆ ಇಳಿಬಿಡುತ್ತಾ ಹೋಗಬೇಕು. ಕಣ್ಣಿಗೆ ಕಾಣದಾದ ಕಡೆ ಹಗ್ಗದ ಗಂಟು ಎಣಿಸಬೇಕು. ಇಷ್ಟೇ ಉಪಕರಣ. ಇದನ್ನು ರೂಢಿಗೆ ತಂದವರು ಇಟಲಿಯ ಏಂಜಲೊ ಸೆಕ್ಕಿ, 1865ರಲ್ಲಿ. ನಕ್ಷತ್ರಗಳ ಬೆಳಕನ್ನು ವಿಂಗಡಿಸಿ ಅಧ್ಯಯನ ಮಾಡಿದ ದೊಡ್ಡ ಖಗೋಳ ವಿಜ್ಞಾನಿ. ಕಸುಬಿನಿಂದ ಜೆಸ್ವಿತ್ ಪಾದ್ರಿ. ಜಗತ್ತಿನ ಕೆರೆ ಸಮುದ್ರಗಳ ತಿಳಿತನವನ್ನು ಇಂದಿಗೂ ಸೆಕ್ಕಿ ತಟ್ಟೆಯಿಂದಲೇ ಅಳೆಯುತ್ತಾರೆ.

ಈ ಕೆರೆ ಮೋಸದ್ದು, ಅಂಚಿನಿಂದಾಚೆ ಆಳ ತಿಳಿಯುವುದಿಲ್ಲ. ಆದ್ದರಿಂದ ಮಕ್ಕಳನ್ನು ಏರಿಯ ಮೇಲೆಯೇ ಕೂರಿಸಿ, ಮೂವರನ್ನು ಮಾತ್ರ ಕಲ್ಲಿನ ಮೆಟ್ಟಿಲಿಗೆ ಇಳಿಸಿ, ಉದ್ದನೆಯ ಗಳುವಿಗೆ ಹಗ್ಗ ಕಟ್ಟಿ ತಟ್ಟೆ ಬಿಟ್ಟರು. ಮೂವರದ್ದೂ ಮೂರು ಅಳತೆ. ಕೊನೆಯವಳು ಮೊದಲಿಬ್ಬರ ಲೆಕ್ಕ ಕೇಳಿ ತನ್ನದನ್ನು ತಿದ್ದಲು ಹೋದಳು. ಮೇಷ್ಟ್ರು ತಡೆದರು. 'ನಿನಗೆ ಕಂಡಷ್ಟೇ ಬರಿಯಮ್ಮ. ಅವರ ಕಣ್ಣಿಗೆ ಕಂಡದ್ದು ಅವರ ಪುಸ್ತಕದಲ್ಲಿರುತ್ತೆ.' ಆಮೇಲೆ ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರು. ಅಳತೆಯಲ್ಲಿ ವ್ಯತ್ಯಾಸ ಬರುವುದು ತಪ್ಪಲ್ಲ, ಬಂದದ್ದನ್ನು ಮುಚ್ಚಿಡುವುದು ತಪ್ಪು ಎಂಬ ಮಾತು ಏರಿಯ ಮೇಲೆಯೇ ನಡೆಯಿತು.

ದ್ವೀಪದ ಪಾದ್ರಿ

ಶ್ರೀರಂಗಪಟ್ಟಣ ತಾಲ್ಲೂಕು ಮುಟ್ಟುವಾಗ ಮಧ್ಯಾಹ್ನ ಮೂರು. ರಂಗನತಿಟ್ಟಿನಲ್ಲಿ ದೋಣಿ ಏರಿ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನೂ ಮರ ತುಂಬಿದ ಕೊಕ್ಕರೆಗಳನ್ನೂ ನೋಡಿದ್ದಾಯಿತು. ಈ ತಿಟ್ಟುಗಳು ಹೀಗೆ ಹಕ್ಕಿಗಳಿಗೆ ಒದಗಿದ್ದು ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟೆ ಕಟ್ಟಿಸಿದ ಮೇಲೆ. ಗದ್ದೆಗೆಂದು ಕಟ್ಟಿದ ಕಟ್ಟೆ ಹಕ್ಕಿಗಳಿಗೆ ಮನೆಯಾಯಿತು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಇದೇ ತಾಲ್ಲೂಕಿನ ಅಲ್ಲಾಪಟ್ಟಣ, ಮರಳಗಾಲದ ಕಡೆಯ ಬಂಡೆಗಳಲ್ಲಿ ಲಿಥಿಯಂ ಪತ್ತೆಯಾಗಿದ್ದು, ಅಂದಾಜು 1600 ಟನ್ ಎಂದು ಪರಮಾಣು ಖನಿಜ ನಿರ್ದೇಶನಾಲಯ ಲೆಕ್ಕ ಹಾಕಿದೆ ಎಂದಾಗ ಮಕ್ಕಳ ಕಿವಿ ನೆಟ್ಟಗಾಯಿತು. ಮೊಬೈಲಿನ ಬ್ಯಾಟರಿ ಅವರಿಗೆ ಗೊತ್ತಿರುವ ಲೋಕ.

ದ್ವೀಪದ ಊರಿನೊಳಗೆ ಟಿಪ್ಪುವಿನ ರಾಕೆಟ್ಟುಗಳ ಪಾಠ ಆಗಲೇಬೇಕಿತ್ತು, ಆಯಿತು. ಬಿದಿರು ಕಾಗದದ ಬದಲು ಕಬ್ಬಿಣದ ಕೊಳವೆ ಬಳಸಿದ್ದರಿಂದ ಒಳಗಿನ ಒತ್ತಡ ಹೆಚ್ಚಿ, ಬಾಣ ದೂರ ಹಾರಿತು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇಲ್ಲಿಂದ ಒಯ್ದ ಮಾದರಿಗಳನ್ನು ನೋಡಿ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟು ಮಾಡಿದ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನೂ ಮಕ್ಕಳು ನೋಡಿದರು. ಆದರೆ ಮೇಷ್ಟ್ರು ಅವರನ್ನು ಕರೆದೊಯ್ಯಬೇಕೆಂದಿದ್ದ ಜಾಗ ಬೇರೆ. ಪ್ರವಾಸಿಗರ ಬಸ್ಸು ನಿಲ್ಲದ ಹಳೆಯ ಇಗರ್ಜಿ ಅದು. ಅದಕ್ಕೆ ಅಂಟಿಕೊಂಡ ಹೆಸರು ಅಬ್ಬೆ ದುಬಾಯ್.

ಶ್ರೀರಂಗಪಟ್ಟಣಕ್ಕೆ ಪಾದ್ರಿಗಳು ಹೊಸಬರೇನಲ್ಲ. 1648ರ ಸುಮಾರಿಗೆ, ಕಂಠೀರವ ನರಸರಾಜರು ಆಳುತ್ತಿದ್ದಾಗಲೇ, ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಇಲ್ಲಿಗೆ ಬಂದಿದ್ದ. ಕನ್ನಡ ಕಲಿತು, ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕ ಬರೆದ. ವ್ಯಾಕರಣ, ನಿಘಂಟುಗಳ ಕೆಲಸಕ್ಕೂ ಕೈಹಾಕಿದ. ಅವನಿಗೂ ನೂರೈವತ್ತು ವರ್ಷ ತಡವಾಗಿ ಬಂದವರು ಫ್ರಾನ್ಸಿನ ಜೆ.ಎ. ದುಬಾಯ್. 1766ರಲ್ಲಿ ಹುಟ್ಟಿ, 1792ರಲ್ಲಿ ಭಾರತಕ್ಕೆ ಹಡಗು ಹತ್ತಿ, 1799ರ ಯುದ್ಧದ ಬಳಿಕ ಮೈಸೂರು ಸೀಮೆಗೆ ಬಂದರು. ಟಿಪ್ಪುವಿನ ಕಾಲದಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದಿದ್ದ ಕ್ರೈಸ್ತರಲ್ಲಿ ಅಳಿದುಳಿದವರನ್ನು ಒಟ್ಟುಗೂಡಿಸುವುದು ಅವರ ಕೆಲಸವಾಗಿತ್ತು. ಹಾಸನದ ಹತ್ತಿರದ ಸತ್ತಿಹಳ್ಳಿಯಲ್ಲಿ ಬೇಸಾಯದ ನೆಲೆಯನ್ನೂ ಮಾಡಿಕೊಟ್ಟರು. ದೇಶೀ ಉಡುಪು ತೊಟ್ಟು, ದೇಶೀ ಊಟ ಉಂಡು, ಊರಿಂದೂರಿಗೆ ನಡೆದರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಕೊಟ್ಟ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಹಣ ಕೊಟ್ಟು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಅದರಲ್ಲಿ ಬಹುಪಾಲು ಅವರಿಗಿಂತ ಹಿಂದಿನ ಕರ್ದು ಎಂಬ ಪಾದ್ರಿಯ ಬರಹದಿಂದ ಎತ್ತಿಕೊಂಡದ್ದೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಆ ಮಟ್ಟಿಗೆ ದುಬಾಯ್ ಅವರದ್ದೂ ನಿಷ್ಕಳಂಕ ದಾಖಲೆಯಲ್ಲ.

ಆದರೆ ಮೇಷ್ಟ್ರು ಮಕ್ಕಳಿಗೆ ಹೇಳಿದ್ದು ಇನ್ನೊಂದು ಕಥೆ, ಸಿಡುಬಿನದು.

1796ರಲ್ಲಿ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿಕೊಟ್ಟ. ಆಗ ಮಂಜುಗಡ್ಡೆಯ ಪೆಟ್ಟಿಗೆ ಇಲ್ಲ, ಸೀಸೆ ಇಲ್ಲ. ಮದ್ದು ಪ್ರಯಾಣ ಮಾಡಿದ್ದು ಮಕ್ಕಳ ತೋಳಿನ ಮೇಲೆ. ಒಂದು ಮಗುವಿನ ತೋಳಲ್ಲಿ ಎದ್ದ ಗುಳ್ಳೆಯಿಂದ ಸುಮಾರು ಎಂಟನೇ ದಿನ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ದಾಟಿಸಬೇಕು. ಸರಪಳಿ ಎಲ್ಲಿ ಕಡಿಯಿತೋ ಅಲ್ಲಿಗೆ ಮದ್ದು ಮುಗಿಯಿತು. ಹಾಗೆ ಬಾಗ್ದಾದು, ಬಸ್ರಾ ದಾಟಿ ಮುಂಬೈಗೆ ಬಂದ ಮದ್ದನ್ನು 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದರು. ಭಾರತದಲ್ಲಿ ಅದೇ ಮೊದಲು. ಮರುವರ್ಷವೇ ಮೈಸೂರು ಸೀಮೆಯಲ್ಲಿ ಆ ಕೆಲಸಕ್ಕೆ ನಿಂತವರಲ್ಲಿ ಒಬ್ಬರು ದುಬಾಯ್.

ಸುಲಭದ ಕೆಲಸವಲ್ಲ. ಸಿಡುಬೆಂದರೆ ಅಮ್ಮ ಬಂದಳು ಎನ್ನುವ ನಾಡು. ಒಬ್ಬರ ತೋಳಿನ ರಸ ಇನ್ನೊಬ್ಬರ ಮೈಗೆ ಎಂದರೆ ಜಾತಿ ಎಲ್ಲಿ ಉಳಿಯಿತು ಎಂಬ ಅಂಜಿಕೆ ಬೇರೆ. ಮೈಸೂರು ಅರಮನೆಯಲ್ಲೂ ರಾಣಿಯರು ಮದ್ದು ಹಾಕಿಸಿಕೊಂಡರು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ರಾಣಿಯರ ಚಿತ್ರದಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳಿನ ಕಡೆ ಬೆರಳು ಮಾಡಿರುವುದು ಅದನ್ನು ಸಾರಲಿಕ್ಕೇ ಎಂದು ಇತಿಹಾಸಕಾರ ನೈಜಲ್ ಚಾನ್ಸಲರ್ ವಾದಿಸಿದ್ದಾರೆ. ಹಳ್ಳಿಗಳಲ್ಲಿ ಚಿತ್ರ ಸಾಲದು, ನಂಬುವ ಮನುಷ್ಯ ಎದುರಿಗೆ ಬೇಕು. 1803-04ರಲ್ಲಿ ದುಬಾಯ್ ಅವರ ದಾಖಲೆ ಪುಸ್ತಕದ ಪ್ರಕಾರ ಮದ್ದು ಹಾಕಿಸಿಕೊಂಡವರು 25,432 ಜನ.

ಮೇಷ್ಟ್ರು ಇಗರ್ಜಿಯ ಮುಂದಿನ ನೆಲದ ಮೇಲೆ ಕಡ್ಡಿಯಿಂದ 25,432 ಎಂದು ಬರೆದರು. ಅದರ ಕೆಳಗೆ ಇನ್ನೊಂದು ಸಂಖ್ಯೆ ಬರೆದರು: 200-300. ದುಬಾಯ್ 1823ರಲ್ಲಿ ಭಾರತ ಬಿಟ್ಟರು. ಆ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳ ಪುಸ್ತಕದಲ್ಲಿ ಅವರೇ ಒಪ್ಪಿಕೊಂಡ ಲೆಕ್ಕ ಅದು. ಇಷ್ಟು ವರ್ಷ ದುಡಿದು ತಾವು ಮತಕ್ಕೆ ತಂದದ್ದು ಇನ್ನೂರರಿಂದ ಮುನ್ನೂರು ಜನ ಮಾತ್ರ, ಅವರಲ್ಲೂ ಮನಸಾರೆ ಬಂದವರು ಇಲ್ಲವೆನ್ನುವಷ್ಟು ಕಡಿಮೆ ಎಂದು ಬರೆದರು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು, ಬೈಬಲನ್ನು ಸುಮ್ಮನೆ ದೇಶಭಾಷೆಗೆ ತಿರುಗಿಸಿ ಹಂಚಿದರೂ ಫಲವಿಲ್ಲ ಎಂದರು. ಮಿಷನರಿಗಳಿಗೆ ಸಿಟ್ಟು ಬಂತು. ಉತ್ತರವಾಗಿ ಪುಸ್ತಕಗಳೇ ಬಂದವು. ದುಬಾಯ್ ಪ್ಯಾರಿಸ್ಸಿಗೆ ಮರಳಿ 1848ರಲ್ಲಿ ತೀರಿಕೊಂಡರು.

'ಸಾರ್, ಅವರಿಗೆ ಯಾವುದು ದೊಡ್ಡದು ಅನ್ನಿಸಿತ್ತು? ಮೇಲಿಂದೋ ಕೆಳಗಿಂದೋ?' ಎಂದು ತೊಣ್ಣೂರಿನಲ್ಲಿ ಅಳತೆ ತಿದ್ದಲು ಹೋಗಿದ್ದ ಹುಡುಗಿ ಕೇಳಿದಳು.

'ಅದು ಅವರ ಮನಸ್ಸಿನ ಮಾತಮ್ಮ, ನಮಗೆ ಕಾಣೋದಿಲ್ಲ. ಎರಡನ್ನೂ ಬರೆದಿಟ್ಟಿದ್ದು ಮಾತ್ರ ಕಾಣುತ್ತೆ' ಎಂದರು ಮೇಷ್ಟ್ರು.

ಹುಡುಗಿ ಎರಡೂ ಸಂಖ್ಯೆಗಳನ್ನು ಎಡಗಡೆ ಅಂಕಣದಲ್ಲಿ ಬರೆದುಕೊಂಡಳು. ಬಸ್ಸು ನಾಗಮಂಗಲಕ್ಕೆ ವಾಪಸಾದಾಗ ರಾತ್ರಿ ಎಂಟೂವರೆ. ಅರ್ಧ ಮಕ್ಕಳು ನಿದ್ದೆಹೋಗಿದ್ದರು. ಮೇಷ್ಟ್ರು ಶ್ರೀರಂಗಪಟ್ಟಣದ ಕೊನೆಯ ಬಸ್ಸು ಹಿಡಿದು ಮನೆ ಸೇರಿದರು.

ಭಾನುವಾರ ಸಂಜೆ

ಮೇಷ್ಟ್ರ ಮನೆಯ ನಡುಮನೆ ಚಿಕ್ಕದು. ಆರು ಪ್ಲಾಸ್ಟಿಕ್ ಕುರ್ಚಿ, ಒಂದು ಚಾಪೆ. ಬರುವವರೂ ದೊಡ್ಡವರಲ್ಲ. ನಿವೃತ್ತ ನರ್ಸಮ್ಮ, ಟೈಲರ್ ದಂಪತಿ, ಸಾರಿಗೆ ಬಸ್ಸಿನ ಕಂಡಕ್ಟರು, ಕಾಲೇಜು ಓದುವ ಇಬ್ಬರು ಹುಡುಗರು. ಬೇರೆ ಬೇರೆ ಸಭೆಗಳಿಗೆ ಸೇರಿದವರು. ಹಾಡುವ ರಾಗದಲ್ಲೂ ವ್ಯತ್ಯಾಸ ಬರುತ್ತದೆ, ಒಂದೆರಡು ಸಾಲಿನ ಮೇಲೆ ಎಲ್ಲರೂ ಹೊಂದಿಕೊಳ್ಳುತ್ತಾರೆ. ಅಂದು ಅವರೆಕಾಳಿನ ಉಪ್ಪಿಟ್ಟಿನ ವಾಸನೆ ಅಡಿಗೆಮನೆಯಿಂದ ಬರುತ್ತಿತ್ತು. ಡಿಸೆಂಬರಿನ ಸೊಗಡವರೆ ಯಾವ ಮತವನ್ನೂ ಕೇಳುವುದಿಲ್ಲ.

ಓದಿಗೆ ಗೊತ್ತಾಗಿದ್ದದ್ದು ಯೋಹಾನನ ಸುವಾರ್ತೆಯ 9ನೇ ಅಧ್ಯಾಯ, ಹುಟ್ಟುಕುರುಡನ ಪ್ರಸಂಗ. ಇಲ್ಲಿಯೂ ಕ್ರಮ ಅದೇ. ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಮೊದಲ ಸುತ್ತಿನಲ್ಲಿ ಪುಸ್ತಕದಲ್ಲಿ ಏನಿದೆಯೋ ಅಷ್ಟನ್ನೇ ಹೇಳಬೇಕು. ತನಗೆ ಅನ್ನಿಸಿದ್ದು ಎರಡನೇ ಸುತ್ತಿಗೆ. ಬೋಧನೆ ಮಾಡುವ ಅಭ್ಯಾಸ ಇರುವವರಿಗೆ ಮೊದಲ ಸುತ್ತೇ ಕಷ್ಟ. ಕಂಡಕ್ಟರು ಎರಡು ಸಲ ತಪ್ಪಿ, ನಕ್ಕು, ತಿದ್ದಿಕೊಂಡರು. ಟೈಲರಮ್ಮ ಒಂದು ಸೂಕ್ಷ್ಮ ಹಿಡಿದರು. ಕಣ್ಣು ಬಂದವನನ್ನು ನೆರೆಯವರು, ಹಿರಿಯರು, ಪಂಡಿತರು ಎಲ್ಲ ಸೇರಿ ಅಷ್ಟು ಕೆದಕಿದರೂ ಅವನು ಮೊದಲು ತನಗೆ ಆದದ್ದನ್ನೇ ಹೇಳುತ್ತಾನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾನೆ ಎಂದರು. ಮೇಷ್ಟ್ರಿಗೆ ಖುಷಿಯಾಯಿತು. ಹಿಂದಿನ ದಿನದ ಪ್ರವಾಸ, ದುಬಾಯ್ ಅವರ ಎರಡು ಸಂಖ್ಯೆಗಳ ಮಾತು ಅಲ್ಲಿಗೆ ಬಂತು.

ಗೋಡೆಗೆ ಒರಗಿ ಕೂತಿದ್ದ ಅಜ್ಜಿಯೊಬ್ಬರು ಅಲ್ಲಿಯವರೆಗೂ ಬಾಯಿ ಬಿಟ್ಟಿರಲಿಲ್ಲ. ಎಪ್ಪತ್ತಾರು ದಾಟಿದವರು. ಕೃಷ್ಣರಾಜಪೇಟೆ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದವರು. ಮುಖದ ತುಂಬ ಸಿಡುಬಿನ ಕಲೆ.

'ಮೇಷ್ಟ್ರೇ, ಆ ಪಾದ್ರಿಗೋಳು ಅಷ್ಟು ಜನಕ್ಕೆ ದಾಕು ಹಾಕುದ್ರು ಅಂದ್ರಲ್ಲ. ನಮ್ಮೂರಿಗೂ ದಾಕಿನವ್ರು ಬಂದಿದ್ರು. ನಂಗೆ ಏಳೋ ಎಂಟೋ ವರ್ಸ. ನಮ್ಮವ್ವ ನನ್ನೂ ನನ್ನ ತಂಗೀನೂ ವಾಡೆ ಹಿಂದೆ ಬಚ್ಚಿಟ್ಲು. ಮಕ್ಳು ಅಳ್ತವೆ, ಜ್ವರ ಬತ್ತದೆ ಅಂತ. ಆ ಬೇಸ್ಗೇಲೇ ಅಮ್ಮ ಬಂತು. ನಾ ಉಳುಕೊಂಡೆ. ತಂಗಿ ಉಳೀಲಿಲ್ಲ.'

ಯಾರೂ ಮಾತಾಡಲಿಲ್ಲ. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದರು: 'ಊರ್ನೋರು ನಮ್ಮವ್ವನ ಪಾಪ ಅಂದ್ರು. ನಮ್ಮವ್ವ ಸಾಯೋಗಂಟ ಹಂಗೇ ಅನ್ಕೊಂಡಿದ್ಲು. ಅದು ಪಾಪವಾ ಮೇಷ್ಟ್ರೇ?'

ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯನಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ವೈರಸ್ಸಿನ ಪಾಠ ಹೇಳಬಹುದಿತ್ತು, ಪ್ರಸಂಗ ಮಾಡಬಹುದಿತ್ತು. ಎರಡನ್ನೂ ಮಾಡಲಿಲ್ಲ. ಅಧ್ಯಾಯದ ಮೊದಲ ಮೂರು ವಚನಗಳನ್ನು ಇನ್ನೊಮ್ಮೆ ಓದಲು ಕಾಲೇಜು ಹುಡುಗನಿಗೆ ಹೇಳಿದರು. ಅಲ್ಲಿ ಶಿಷ್ಯರು ಕೇಳುವುದೂ ಅದೇ ಪ್ರಶ್ನೆ. ಇವನು ಕುರುಡನಾಗಿ ಹುಟ್ಟಿದ್ದು ಯಾರ ಪಾಪದಿಂದ, ಇವನದೋ ತಂದೆತಾಯಿಯದೋ? ಯೇಸು ಕೊಡುವ ಉತ್ತರದಲ್ಲಿ ಇಬ್ಬರದೂ ಅಲ್ಲ. ಹುಡುಗ ಓದಿ ನಿಲ್ಲಿಸಿದ.

'ನೀವು ಓದಿದ್ದು ಕೇಳಿಸಿಕೊಂಡ್ರಲ್ಲಮ್ಮಾ, ಪುಸ್ತಕದಲ್ಲಿ ಇರೋದು ಅಷ್ಟು. ನಿಮ್ಮ ತಾಯಿಗೆ ಗೊತ್ತಿರಲಿಲ್ಲ. ಮಕ್ಕಳ ಮೇಲಿನ ಆಸೆಗೆ ಮಾಡಿದ್ರು' ಎಂದರು ಮೇಷ್ಟ್ರು.

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಯಾರೂ ಕೇಳದಿದ್ದರೂ, ಹೇಳಿದರು. ಮರುವರ್ಷದಿಂದ ದಾಕಿನವರು ಊರಿಗೆ ಬಂದಾಗಲೆಲ್ಲ ಅವರ ತಾಯಿಯೇ ಮನೆಮನೆಗೆ ಹೋಗಿ, ವಾಡೆ ಹಿಂದೆ, ಕೊಟ್ಟಿಗೆಯೊಳಗೆ ಹುಡುಕಿ, ಮಕ್ಕಳನ್ನು ಕೈಹಿಡಿದು ಕರೆತರುತ್ತಿದ್ದರಂತೆ. 'ಬಚ್ಚಿಡೋ ಜಾಗ ಎಲ್ಲಾ ಅವ್ಳಿಗೆ ಗೊತ್ತಿತ್ತಲ್ಲ' ಎಂದು ಅಜ್ಜಿ ಸ್ವಲ್ಪ ನಕ್ಕರು. ನರ್ಸಮ್ಮ ಎದ್ದು ಹೋಗಿ ಅವರ ಪಕ್ಕ ಕೂತರು. ಉಪ್ಪಿಟ್ಟು ಆರಿಹೋಗಿತ್ತು, ಮತ್ತೆ ಬಿಸಿಮಾಡಿ ತಂದರು.

ಸೋಮವಾರ

ಸೋಮವಾರ ಬೆಳಿಗ್ಗೆ ಒಂಬತ್ತನೇ ತರಗತಿಗೆ ಹೊಸ ಮನೆಗೆಲಸ ಸಿಕ್ಕಿತು. ಮನೆಯಲ್ಲಿರುವ ಪ್ರತಿಯೊಬ್ಬರ ಹುಟ್ಟಿದ ವರ್ಷ ಕೇಳಿ, ತೋಳಿನ ಮೇಲೆ ಸಿಡುಬಿನ ಚುಚ್ಚಿನ ಗುಂಡನೆಯ ದೊಡ್ಡ ಕಲೆ ಇದೆಯೋ ಇಲ್ಲವೋ ನೋಡಿ ಬರೆಯಬೇಕು. ಕ್ಷಯರೋಗ ತಡೆಯಲು ಹಾಕುವ ಬಿ.ಸಿ.ಜಿ.ಯ ಚಿಕ್ಕ ಕಲೆಯನ್ನು ಅದರೊಂದಿಗೆ ಕಲಸಬಾರದು. ಮಾದರಿಗೆ ಮೇಷ್ಟ್ರು ಅಂಗಿಯ ತೋಳು ಮಡಿಸಿ ತಮ್ಮ ಕಲೆಯನ್ನೇ ತೋರಿಸಿದರು.

ವಾರ ಕಳೆಯುವಷ್ಟರಲ್ಲಿ ಕರಿಹಲಗೆಯ ಮೇಲೆ ಪಟ್ಟಿ ತುಂಬಿತು. ಅಜ್ಜ ಅಜ್ಜಿಯರ ಸಾಲಿನಲ್ಲಿ ಇದೆ, ಇದೆ, ಇದೆ. ಅಪ್ಪ ಅಮ್ಮಂದಿರ ಸಾಲಿನಲ್ಲಿ ಇಲ್ಲ, ಇಲ್ಲ, ಇಲ್ಲ. ನಡುವೆ, 1970ರ ದಶಕದ ಕೊನೆಯ ಹೊತ್ತಿಗೆ, ಚಾಕುವಿನಿಂದ ಕತ್ತರಿಸಿದಂತೆ ಒಂದು ಗೆರೆ. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡದ್ದು 1975ರಲ್ಲಿ. ದೇಶ ಸಿಡುಬುಮುಕ್ತ ಎಂದು 1977ರಲ್ಲಿ ದೃಢಪಟ್ಟಿತು. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಇಡೀ ಜಗತ್ತಿನಿಂದಲೇ ಅದು ಅಳಿಯಿತೆಂದು ಸಾರಿತು. ರೋಗ ಹೋದ ಮೇಲೆ ಮದ್ದೂ ಬೇಡವಾಯಿತು, ಕಲೆಯೂ ನಿಂತಿತು. ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿದ್ದ ಸಂಗತಿ ಮಕ್ಕಳ ಮನೆಯವರ ತೋಳಿನಲ್ಲೇ ಬರೆದಿತ್ತು.

ಪಟ್ಟಿಯಲ್ಲಿ ಒಂದು ಕಡೆ ಹುಡುಗನೊಬ್ಬ ಅಜ್ಜಿಯ ಹೆಸರಿನ ಮುಂದೆ 'ತೋಳಿನಲ್ಲಿ ಇಲ್ಲ, ಮುಖದಲ್ಲಿ ಇದೆ' ಎಂದು ಬರೆದು ತಂದಿದ್ದ. ಪ್ರವಾಸದ ಪಟ್ಟಿ ಕೇಳಿ ನೆಂಟರೂರು ಎಂದು ಮೂಗು ಮುರಿದಿದ್ದ ಹುಡುಗನೇ ಅವನು. ಅಂಥ ಖಾನೆ ಪಟ್ಟಿಯಲ್ಲಿ ಇರಲಿಲ್ಲ. ಮೇಷ್ಟ್ರು ಕರಿಹಲಗೆಯ ಮೇಲೆ ಇನ್ನೊಂದು ಗೆರೆ ಎಳೆದು ಅದಕ್ಕೊಂದು ಜಾಗ ಮಾಡಿದರು. 'ಅಜ್ಜಿಯನ್ನ ಕೇಳ್ಕೊಂಡು ಬಾ, ಯಾವ ವರ್ಷ, ಯಾವ ಊರು. ಅವರು ಹೇಳಿದಷ್ಟೇ ಬರಿ' ಎಂದರು.

ನಾಲ್ಕೂವರೆಗೆ ಶಾಲೆ ಬಿಟ್ಟಿತು. ಮೇಷ್ಟ್ರು ರಸ್ತೆಯ ಬದಿಯ ಆಲದ ಮರದ ಕೆಳಗೆ ಶ್ರೀರಂಗಪಟ್ಟಣದ ಬಸ್ಸಿಗೆ ಕಾಯುತ್ತ ನಿಂತರು. ಕೈಚೀಲದಲ್ಲಿ ನಲವತ್ತು ನೋಟ್‌ಬುಕ್ಕುಗಳಿದ್ದವು, ಭಾನುವಾರದೊಳಗೆ ತಿದ್ದಬೇಕು.